ದೇವರ ಎದುರಿಟ್ಟ ಬ್ಲೇಡು

ಹನ್ನೊಂದು ವರ್ಷ ಸಂಬಳ ತೆಗೆದುಕೊಂಡು ಐಸ್ ಹಾಕಿ ಆಡಿದವನು ನಾನು. ಹನ್ನೊಂದು ವರ್ಷವೂ ಬಲಬದಿಯ ಗೋಡೆಗೆ ಅಂಟಿಕೊಂಡೇ ಆಡಿದೆ. ಈ ಆಟ ನೋಡದವರಿಗಾಗಿ ಎರಡು ಮಾತು ಹೇಳಬೇಕು. ಮಂಜುಗಡ್ಡೆಯ ಅಂಗಳ, ಸುತ್ತ ಎದೆಮಟ್ಟದ ಗೋಡೆ, ಅದರ ಮೇಲೆ ಗಾಜು. ತಂಡದ ಮುಂದಿನ ಸಾಲಿನಲ್ಲಿ ಮೂವರು. ನಡುವಿನವನನ್ನು ಸೆಂಟರ್ ಎನ್ನುತ್ತಾರೆ. ಅವನು ಬೇಕಾದ ಕಡೆ ತಿರುಗಬಹುದು, ಇಡೀ ಅಂಗಳ ಅವನದು. ಎರಡು ಬದಿಯವರು ವಿಂಗರ್‌ಗಳು. ಅವರು ಗೋಡೆಯ ಉದ್ದಕ್ಕೂ ಹೋಗಬೇಕು, ಗೋಡೆಯ ಉದ್ದಕ್ಕೂ ಬರಬೇಕು, ಮೂಲೆಯಲ್ಲಿ ಸಿಕ್ಕಿಕೊಂಡ ಕಪ್ಪು ರಬ್ಬರಿನ ಬಿಲ್ಲೆಯನ್ನು ನಾಲ್ಕು ಜನರ ಮೊಣಕೈ ಪೆಟ್ಟು ತಿಂದು ಹೊರಗೆಳೆದು ಸೆಂಟರಿನವನ ಕಡೆಗೆ ತಳ್ಳಬೇಕು. ಗೋಲು ಹೊಡೆದವನ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದಲ್ಲ, ಅದರ ಹಿಂದೆ ಮಸುಕಾಗಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿರುವವನು ನಾನು. ಸೆಂಟರಿನಲ್ಲಿ ಆಡಿಸಿ ಎಂದು ಎಷ್ಟು ಕೋಚ್‌ಗಳ ಹತ್ತಿರ ಗೋಗರೆದೆನೋ ಲೆಕ್ಕವಿಲ್ಲ. ಎಲ್ಲರೂ ನನ್ನ ಹೆಗಲು ತಟ್ಟಿ, ನೀನು ಹುಟ್ಟಾ ವಿಂಗರ್ ಎಂದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಹುಟ್ಟಾ ವಿಂಗರ್ ಅಲ್ಲ. ನನ್ನನ್ನು ಗೋಡೆಗೆ ತಳ್ಳಿದ್ದು ದೋಹಾದ ನಮ್ಮ ಮನೆಯ ಒಂದು ಪೂಜೆ. ಅದನ್ನು ಹೇಳಬೇಕಾದರೆ ಐನ್ ಖಾಲಿದ್‌ನ ಆ ಮನೆಯೊಳಗೆ ಹೋಗಬೇಕು.

ಮನೆ ಎನ್ನುವುದು ದೊಡ್ಡ ಮಾತು. ಯಾರೋ ಒಂದು ದೊಡ್ಡ ಸಂಸಾರಕ್ಕೆಂದು ಕಟ್ಟಿದ ವಿಲ್ಲಾವನ್ನು ಜಿಪ್ಸಂ ಹಲಗೆಗಳಿಂದ ಆರು ಪಾಲು ಮಾಡಿದ್ದರು. ನಮ್ಮ ಪಾಲಿಗೆ ಬಂದದ್ದು ಹಳೆಯ ಹಾಲಿನ ಅರ್ಧ ಮತ್ತು ಮೆಟ್ಟಿಲಿನ ಕೆಳಗಿನ ಜಾಗ. ಮೆಟ್ಟಿಲಿನ ಕೆಳಗೆ ಅಡುಗೆಮನೆ. ಅಲ್ಲಿ ಅಮ್ಮ ಮಾತ್ರ ನೆಟ್ಟಗೆ ನಿಲ್ಲಬಹುದಿತ್ತು, ಅಪ್ಪ ಒಳಗೆ ಬಂದರೆ ಪ್ರತಿ ಸಲವೂ ತಲೆ ಬಡಿದುಕೊಳ್ಳುತ್ತಿದ್ದರು. ಹಾಲಿನ ಚಾವಣಿಯಲ್ಲಿ ಹೂವಿನ ಕೆತ್ತನೆಯ ದೊಡ್ಡ ಚಕ್ರವಿತ್ತು. ಜಿಪ್ಸಂ ಗೋಡೆ ಅದರ ನಡುವೆಯೇ ಹಾದುಹೋಗಿದ್ದರಿಂದ ಅರ್ಧ ಚಕ್ರ ನಮಗೆ, ಅರ್ಧ ಲಿಲ್ಲಿ ಆಂಟಿಗೆ. ಲಿಲ್ಲಿ ಆಂಟಿ ಶಿರ್ವದ ಕಡೆಯವರು, ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅವರ ಜಪಸರದ ಪ್ರಾರ್ಥನೆ ನಮಗೆ ಬಾಯಿಪಾಠ, ನಮ್ಮ ಜಗಳ ಅವರಿಗೆ ಬಾಯಿಪಾಠ. ಬಾತ್‌ರೂಮು ಎರಡೂ ಮನೆಗೆ ಒಂದೇ. ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಹಿಂದಿ, ಮನೆಯಲ್ಲಿ ತುಳು. ಕನ್ನಡ ಓದಲು, ಬರೆಯಲು ಕಲಿಸಿದ್ದು ಅಮ್ಮ, ಹಠ ಹಿಡಿದು, ಕಿವಿ ಹಿಂಡಿ. ಆಗಿನ ತುಳು ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಷ್ಟು ಸಣ್ಣ ಜಾಗದಲ್ಲಿ ಅಮ್ಮನ ಕಾನೂನುಗಳು ಮಾತ್ರ ಹತ್ತು ಕೋಣೆಯ ಮನೆಗೆ ಆಗುವಷ್ಟಿದ್ದವು. ಮೂಡು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಮರದ ಪುಟ್ಟ ಗೂಡು ದೇವರದ್ದು; ಅದರ ಕೆಳಗೆ ಕಾಲು ಚಾಚಿ ಕೂರಬಾರದು, ಅದರ ಹತ್ತಿರ ಚಪ್ಪಲಿ ಸುಳಿಯಬಾರದು. ಉಗುರು ಮಂಗಳವಾರ ತೆಗೆಯಬಾರದು. ಎಲ್ಲಕ್ಕಿಂತ ದೊಡ್ಡ ಕಾನೂನು, ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ. ಅಪ್ಪ ವಾರಕ್ಕೆ ಎರಡು ಸಲವಾದರೂ ಊಟದ ಡಬ್ಬಿ ಮರೆತು ಹೊರಡುತ್ತಿದ್ದರು. ಬೇರೆ ಮನೆಯಲ್ಲಾದರೆ ಒಂದು ಕೂಗು ಹಾಕಿದರೆ ಮುಗಿಯಿತು. ನಮ್ಮಮ್ಮ ಹಾಗಲ್ಲ. ಡಬ್ಬಿ ಹಿಡಿದು ಹಿಂಬಾಗಿಲಿನಿಂದ ಹೊರಟು, ವಿಲ್ಲಾಕ್ಕೆ ಒಂದು ಸುತ್ತು ಹಾಕಿ, ಗೇಟಿನ ಹೊರಗೆ ಅಪ್ಪನ ಪಿಕಪ್ಪಿನ ಎದುರು ಹೋಗಿ ನಿಲ್ಲುತ್ತಿದ್ದಳು. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ನೈಟಿಯ ಮೇಲೊಂದು ಟವೆಲು ಹೊದ್ದು ಗಾಡಿಗೆ ಅಡ್ಡ ನಿಂತ ಅಮ್ಮನನ್ನು ನೋಡಿ ಎದುರು ಮನೆಯ ಡ್ರೈವರು ನಗುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅಪ್ಪ ಮಾತ್ರ ಗಂಭೀರವಾಗಿ ಡಬ್ಬಿ ತೆಗೆದುಕೊಂಡು, ಈಗಷ್ಟೇ ಹೊರಟವರ ಹಾಗೆ ಹೋಗುತ್ತಿದ್ದರು.

ಅಪ್ಪ ಚಿಲ್ಲರ್ ಮೆಕ್ಯಾನಿಕ್. ದೊಡ್ಡ ಕಟ್ಟಡಗಳನ್ನು ತಂಪು ಮಾಡುವ, ಲಾರಿಯಷ್ಟು ದೊಡ್ಡ ಯಂತ್ರಗಳು ಅವು. ಮುಶೈರಿಬ್‌ನ ಎರಡು ಆಫೀಸು ಕಟ್ಟಡ ಮತ್ತು ಒಂದು ಮಾಲ್ ಅವರ ಕಂಪನಿಯ ಪಾಲಿಗಿದ್ದವು. ಮಾಲ್‌ನೊಳಗೆ ಐಸ್ ರಿಂಕ್ ಇತ್ತು. ನನಗೆ ಒಂಬತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ ನಮ್ಮ ಕಿಟಕಿಯ ಎಸಿ ಕೆಟ್ಟಿತು. ಊರಿಗೆಲ್ಲ ತಂಪು ಮಾಡುವ ಅಪ್ಪನಿಗೆ ಮನೆಯ ಎಸಿ ರಿಪೇರಿಗೆ ಪುರುಸೊತ್ತಿಲ್ಲ. ಅಮ್ಮ ರೇಗಿ, ಹುಡುಗನನ್ನಾದರೂ ಕರ್ಕೊಂಡು ಹೋಗಿ ಎಂದಳು. ಹಾಗೆ ಬೆಳಗ್ಗೆ ಆರಕ್ಕೆ ಪಿಕಪ್ಪಿನಲ್ಲಿ ಕೂತು ಹೋಗಿ, ಅಪ್ಪ ಯಂತ್ರದ ಕೋಣೆಯಲ್ಲಿರುವಷ್ಟು ಹೊತ್ತು ನಾನು ಖಾಲಿ ರಿಂಕಿನ ಮೇಲೆ ಬಾಡಿಗೆ ಸ್ಕೇಟ್ಸ್ ಕಟ್ಟಿಕೊಂಡು ಬೀಳುವುದು, ಏಳುವುದು. ಅಲ್ಲಿ ಕೆನಡಾದವರೊಬ್ಬರು ಮಕ್ಕಳಿಗೆ ಹಾಕಿ ಕಲಿಸುತ್ತಿದ್ದರು, ಡಗ್ ಎಂದು ಹೆಸರು. ಕೆಂಪು ಗಡ್ಡ, ಗಂಟಲು ಮಾತ್ರ ಮೈಕಿನಂತೆ. ಬಿದ್ದ ಮೇಲೆ ಅಳದೆ ಬಯ್ಯುತ್ತಾ ಏಳುವ ಹುಡುಗ ಅವರಿಗೆ ಇಷ್ಟವಾದನಂತೆ. ಎರಡು ವರ್ಷದಲ್ಲಿ ನಾನು ಅವರ ತಂಡದ ಸೆಂಟರ್ ಆಗಿದ್ದೆ. ಸೆಂಟರ್, ಗಮನಿಸಿ. ಕಾಲನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಬ್ಲೇಡು ಮಂಜನ್ನು ಕಚ್ಚಿ ನನ್ನನ್ನು ತಿರುಗಿಸುತ್ತಿತ್ತು. ಅರ್ಧ ಚಾವಣಿಯ ಮನೆಯಲ್ಲಿ ಬೆಳೆದ ಹುಡುಗನಿಗೆ ಅಷ್ಟು ದೊಡ್ಡ ಜಾಗದಲ್ಲಿ ಬೇಕಾದ ಕಡೆ ತಿರುಗುವುದೆಂದರೆ ಎಂಥ ಖುಷಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಊರಿಗೆ ಮರಳಿದ ಯಾರದೋ ಮಗನ ಹಳೆಯ ಸ್ಕೇಟ್ಸನ್ನು ಡಗ್ ನನಗೆ ಕೊಟ್ಟ ದಿನ ಅವಳು ಅದನ್ನು ಬಾಗಿಲು ದಾಟಿಸಲು ಬಿಡಲಿಲ್ಲ.

“ಎಂತದ್ದಿದು? ಶೂವಿಗೆ ಕತ್ತಿ ಕಟ್ಟಿದ್ದು! ಯಾರು ಹಾಕಿದ ಶೂವೋ ಏನೋ. ಹೊರಗೆ ಗ್ಯಾಸಿನ ಹತ್ತಿರ ಇಡು. ದೇವರಿರುವ ಮನೆ ಇದು.”

“ಮಳೆ ಬಂದ್ರೆ ತುಕ್ಕು ಹಿಡೀತದೆ ಅಮ್ಮ.”

“ಇಲ್ಲಿ ಮಳೆ? ವರ್ಷಕ್ಕೆ ಎರಡು ಹನಿ. ಆ ದಿನ ಒಳಗೆ ತಾ, ಆಯ್ತಾ?”

ಹಾಗಾಗಿ ಎರಡು ವರ್ಷ ನನ್ನ ಸ್ಕೇಟ್ಸ್ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ವಾಸ ಮಾಡಿತು. ಬೆವರಿನ ಜರ್ಸಿಯನ್ನು ಅವಳು ಕಡ್ಡಿಯಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಅಭ್ಯಾಸಕ್ಕೆ ಹೊರಡುವ ಮೊದಲು ಹೊಟ್ಟೆ ತುಂಬ ಕುಚ್ಚಲಕ್ಕಿ ಅನ್ನ, ಬಸಳೆ ಸಾರು ಬಡಿಸಿ, ಮಂಜಿನ ಮೇಲೆ ಕುಣಿಯಲಿಕ್ಕೆ ನಿಂಗೆ ಯಾರು ಪಗಾರ ಕೊಡ್ತಾರೆ ಎಂದು ಕೇಳುತ್ತಿದ್ದಳು. ತಿಂದದ್ದು ರಿಂಕಿನ ಮೂಲೆಯಲ್ಲಿ ಗಂಟಲಿಗೆ ಬರುತ್ತಿತ್ತು. ಆದರೂ, ಸಮುದ್ರದ ಆವಿಗೆ ಬ್ಲೇಡಿನಲ್ಲಿ ಕೆಂಪು ಚುಕ್ಕೆ ಕಾಣಿಸಿಕೊಂಡ ದಿನದಿಂದ ಅವಳು ತನ್ನ ಮೆಟ್ಟುಕತ್ತಿಗೆ ಹಚ್ಚುವ ತೆಂಗಿನೆಣ್ಣೆಯಲ್ಲೇ ಎರಡು ಹನಿ ಅದಕ್ಕೂ ಹಚ್ಚತೊಡಗಿದಳು. ತರಕಾರಿ ಹೆಚ್ಚುವ ಮೆಟ್ಟುಕತ್ತಿ ಅವಳು ಊರಿನಿಂದ ಹೊತ್ತು ತಂದದ್ದು. ಅದರ ಮೇಲಿನ ಪ್ರೀತಿ ನನ್ನ ಮೇಲೂ ಇರಲಿಲ್ಲ ಎಂದು ಲಿಲ್ಲಿ ಆಂಟಿ ತಮಾಷೆ ಮಾಡುತ್ತಿದ್ದರು. ಅದರ ಎಣ್ಣೆಯಲ್ಲಿ ಪಾಲು ಸಿಕ್ಕಿದ್ದು ಸಣ್ಣ ವಿಷಯವಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ನನಗೆ ಹನ್ನೆರಡಾದ ವರ್ಷ ಡಗ್ ಒಂದು ಸುದ್ದಿ ಹೇಳಿದರು. ದುಬೈಯಲ್ಲಿ ಮಕ್ಕಳ ಪಂದ್ಯಾವಳಿ ಇದೆ, ಅಲ್ಲಿಗೆ ಕೆನಡಾದ ಹಾಸ್ಟೆಲ್ ಶಾಲೆಯ ಕೋಚ್ ಒಬ್ಬರು ಬರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಫೀಸಿಲ್ಲದೆ ಓದು ಮತ್ತು ಹಾಕಿ ಎರಡೂ ಸಿಗಬಹುದು. ತಂಡದ ಆಯ್ಕೆಗೆ ಒಂದು ಪಂದ್ಯ, ಶುಕ್ರವಾರ. ಸೆಂಟರಿನ ಜಾಗಕ್ಕೆ ನಾನು ಮತ್ತು ಒಬ್ಬ ಫಿನ್ಲೆಂಡಿನ ಹುಡುಗ. ನಾನೇ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಪ್ಪ ಈ ಸುದ್ದಿಯನ್ನು ಊಟದ ಹೊತ್ತಿಗೆ ಅಮ್ಮನಿಗೆ ಹೇಳಿದರು. ಓದು ಎಂಬ ಶಬ್ದ ಕೇಳಿ ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಈ ಆಟದಿಂದ ಓದು ಸಿಕ್ತದಾ?”

“ಸಿಗ್ತದೆ ಹೇಳಿ ಹೇಳ್ತಾರೆ. ಮುಂದೆ ಕೆಲಸವೂ ಆಗಬಹುದು. ಅಲ್ಲಿಯವರಿಗೆ ಇದೇ ಉದ್ಯೋಗ ಅಂತೆ.”

ಅದು ನವರಾತ್ರಿಯ ವಾರ. ಮಂಗಳವಾರ ಆಯುಧಪೂಜೆ. ನಮ್ಮಲ್ಲಿ ಆ ದಿನ ಅಪ್ಪನ ಸ್ಪ್ಯಾನರುಗಳು, ಗೇಜು, ಅಮ್ಮನ ಮೆಟ್ಟುಕತ್ತಿ, ಕತ್ತರಿ ಎಲ್ಲ ತೊಳೆದು, ಒರಸಿ, ಗಂಧ ಕುಂಕುಮ ಹಚ್ಚಿ ದೇವರ ಎದುರು ಇಡುವುದು. ಇಟ್ಟ ಮೇಲೆ ಮರುದಿನ ಬೆಳಗ್ಗೆ ಪೂಜೆ ಮಾಡಿ ತೆಗೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಅನ್ನ ಕೊಡುವ ವಸ್ತುಗಳಿಗೆ ವರ್ಷಕ್ಕೊಂದು ದಿನ ರಜೆ. ಆ ದಿನ ಅಮ್ಮ ಈರುಳ್ಳಿಯನ್ನೂ ಕೈಯಲ್ಲಿ ಜಜ್ಜಿಯೇ ಹಾಕುತ್ತಿದ್ದಳು, ತರಕಾರಿಯೆಲ್ಲ ಹಿಂದಿನ ದಿನವೇ ಹೆಚ್ಚಿ ಫ್ರಿಜ್ಜಿನಲ್ಲಿರುತ್ತಿತ್ತು. ಅಪ್ಪ ಡ್ಯೂಟಿಗೆ ಕಂಪನಿಯ ಟೂಲ್ ಬಾಕ್ಸ್ ಒಯ್ಯುತ್ತಿದ್ದರು. ದೇವರ ಎದುರು ಇರುತ್ತಿದ್ದದ್ದು ಅವರ ಸ್ವಂತದ್ದು. ಆ ವರ್ಷ ಬೆಳಗ್ಗೆ ಸ್ನಾನ ಮಾಡಿ ಬಂದ ಅಮ್ಮ, ಗ್ಯಾಸಿನ ಹತ್ತಿರ ಹೋಗಿ ನನ್ನ ಸ್ಕೇಟ್ಸನ್ನು ತಾನೇ ಎತ್ತಿಕೊಂಡು ಒಳಗೆ ಬಂದಳು.

“ಇದಕ್ಕೂ ಪೂಜೆ ಆಗಬೇಕು. ಆದ್ರೆ ಶೂವನ್ನು ದೇವರ ಎದುರು ಇಡ್ಲಿಕ್ಕೆ ಆಗುವುದಿಲ್ಲ. ಇವರೇ, ಈ ಕತ್ತಿ ಮಾತ್ರ ಬಿಚ್ಚಲಿಕ್ಕೆ ಆಗ್ತದಾ ನೋಡಿ.”

ಅಪ್ಪ ಕನ್ನಡಕ ಏರಿಸಿ ನೋಡಿದರು. ಪ್ರತಿ ಬ್ಲೇಡಿಗೂ ಎರಡು ಬೋಲ್ಟು. ಐದು ನಿಮಿಷದ ಕೆಲಸ. ನಾಲ್ಕು ಬೋಲ್ಟುಗಳನ್ನು ಬಟ್ಟಲಿಗೆ ಹಾಕಿ, ಎರಡು ಬ್ಲೇಡುಗಳನ್ನು ಒರಸಿ ಅಮ್ಮನ ಕೈಗಿತ್ತರು. ಅವಳು ಅವುಗಳಿಗೆ ಗಂಧ ಹಚ್ಚಿ, ಕುಂಕುಮ ಇಟ್ಟು, ಮೆಟ್ಟುಕತ್ತಿಯ ಪಕ್ಕದಲ್ಲಿ ಮಲಗಿಸಿ ಒಂದು ದಾಸವಾಳ ಇಟ್ಟಳು. ಆ ಹೂವು ಲಿಲ್ಲಿ ಆಂಟಿಯ ಕುಂಡದ್ದು. ನನಗೆ ಹೆಮ್ಮೆಯಾಯಿತು. ಎರಡು ವರ್ಷ ಬಾಗಿಲು ದಾಟದ ವಸ್ತು ಅಪ್ಪನ ಸ್ಪ್ಯಾನರಿಗೆ ಸಮವಾಗಿ ಕೂತಿತ್ತು. ಆರತಿ ತೆಗೆದುಕೊಳ್ಳುವಾಗ ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು, ಅವಳ ಕೈಯಲ್ಲಿ ತೆಂಗಿನೆಣ್ಣೆಯ ವಾಸನೆ ಇತ್ತು.

ಮಧ್ಯಾಹ್ನ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಉಪ್ಪಡಚ್ಚಿಲ್, ಕಡಲೆ ಗಸಿ, ಪಾಯಸದ ಊಟ ನಡೆಯುತ್ತಿರುವಾಗ ಫೋನು ಬಂತು. ಡಗ್. ಶುಕ್ರವಾರ ರಿಂಕನ್ನು ಯಾರದೋ ಹುಟ್ಟುಹಬ್ಬಕ್ಕೆ ಕೊಟ್ಟುಬಿಟ್ಟಿದ್ದಾರೆ, ಆಯ್ಕೆ ಪಂದ್ಯ ಇವತ್ತೇ ಸಂಜೆ ಆರಕ್ಕೆ. ನಾನು ಫೋನು ಇಟ್ಟು ದೇವರ ಗೂಡಿನ ಕಡೆ ನೋಡಿದೆ. ಅಮ್ಮನೂ ನೋಡಿದಳು.

“ಅಮ್ಮ, ಬ್ಲೇಡು ಬೇಕು.”

“ನಾಳೆ ಬೆಳಿಗ್ಗೆ.”

“ಮ್ಯಾಚ್ ಇವತ್ತು ಉಂಟು!”

“ದೇವರ ಎದುರು ಇಟ್ಟದ್ದು ದೇವರದ್ದು. ನಾನು ಇವತ್ತು ಕತ್ತಿ ಮುಟ್ಟಿದ್ದೇನಾ?”

“ಅಪ್ಪನ ಗಾಡಿಗೂ ಪೂಜೆ ಮಾಡಿದ್ದೀಯಲ್ಲ, ಅದು ಈಗ ಓಡುವುದಿಲ್ವಾ?”

“ಗಾಡಿ ಹೊರಗೆ ಉಂಟು. ಅದನ್ನು ದೇವರ ಗೂಡಿನ ಎದುರು ತಂದು ಇಟ್ಟಿದ್ದೇವಾ? ತರ್ಕ ಮಾಡಬೇಡ. ನಿನ್ನ ಒಳ್ಳೆಯದಕ್ಕೇ ಇಟ್ಟದ್ದು, ಇವತ್ತು ತೆಗೆದ್ರೆ ಕಾಲಿಗೇ ಪೆಟ್ಟಾಗ್ತದೆ.”

ನಾನು ಅಪ್ಪನ ಕಡೆ ತಿರುಗಿದೆ. ಅವರು ಎಲೆಯ ಮೇಲಿನ ಪಾಯಸವನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದರು. ಹೇಳಿ ಅಪ್ಪ ಎಂದೆ. ಅಮ್ಮನ ಹತ್ತಿರ ಕೇಳು ಎಂದರು. ಅಮ್ಮನ ಹತ್ತಿರವೇ ಅಲ್ಲವೇ ಕೇಳುತ್ತಿರುವುದು! ಮುಶೈರಿಬ್‌ನ ಕಟ್ಟಡದಲ್ಲಿ ಚಿಲ್ಲರ್ ಟ್ರಿಪ್ಪಾಗಿ ನಿಂತಿದೆ ಎಂದು ಅವರಿಗೂ ಫೋನು ಬಂತು, ಕೈ ತೊಳೆದು ಹೊರಟೇಬಿಟ್ಟರು. ನಾನು ಚೀರಾಡಿದೆ, ಬಟ್ಟಲನ್ನು ಎಡವಿದೆ, ನಾಲ್ಕು ಬೋಲ್ಟುಗಳು ನೆಲದಲ್ಲಿ ಉರುಳಿದವು. ಅಮ್ಮ ಅವುಗಳನ್ನು ಹೆಕ್ಕಿ ಮತ್ತೆ ದೇವರ ಹತ್ತಿರವೇ ಇಟ್ಟಳು. ಜಿಪ್ಸಂ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡ ಲಿಲ್ಲಿ ಆಂಟಿ ಐದು ಗಂಟೆಗೆ ಕಾರಿನ ಕೀ ಹಿಡಿದು ಬಾಗಿಲಿಗೆ ಬಂದರು.

“ಬಾ ಪುತ್ತಾ, ಯಲ್ಲಾ, ಬೇಗ ಹೊರಡು. ಅಲ್ಲಿ ಬಾಡಿಗೆಯದ್ದು ಸಿಕ್ತದಲ್ಲಾ. ಆಡದೆ ಕೂರುವುದಕ್ಕಿಂತ ಅದು ವಾಸಿ.”

ಕದಿಯಬೇಕು ಎನ್ನಿಸಿದ್ದು ಸುಳ್ಳಲ್ಲ. ಆದರೆ ಅಮ್ಮ ಗೂಡಿನ ಎದುರೇ ಕೂತಿದ್ದಳು. ಅವಳ ಮುಖವನ್ನೂ ನೋಡದೆ, ದೇವರನ್ನೂ ನೋಡದೆ ಚೀಲ ಹೆಗಲಿಗೇರಿಸಿ ಹೋದೆ. ಅವಳು ಹಿಂದಿನಿಂದ ಕರೆಯಲಿಲ್ಲ, ಅದು ಹೇಗೂ ಕಾನೂನಿನಲ್ಲಿ ಇಲ್ಲವಲ್ಲ.

ಬಾಡಿಗೆಯ ಸ್ಕೇಟ್ಸ್ ನೀಲಿ ಪ್ಲಾಸ್ಟಿಕ್ಕಿನದು. ಮಾಲ್‌ಗೆ ಬಂದವರು ಫೋಟೋ ತೆಗೆಸಿಕೊಳ್ಳಲು ಕಟ್ಟಿಕೊಳ್ಳುವಂಥದ್ದು. ಬ್ಲೇಡು ಎಷ್ಟು ಮೊಂಡೆಂದರೆ ಅದು ಬೆಣ್ಣೆಯನ್ನೂ ಕೊಯ್ಯುತ್ತಿರಲಿಲ್ಲ. ಡಗ್ ಹತ್ತಿರ ನನ್ನ ಅಳತೆಯದ್ದು ಬೇರೆ ಇರಲಿಲ್ಲ. ನಿನ್ನ ಸ್ಕೇಟ್ಸ್ ಎಲ್ಲಿ ಎಂದು ಕೇಳಿದರು. ದೇವರ ಎದುರು ಇದೆ ಎಂದು ಹೇಗೆ ಹೇಳಲಿ? ಮುರಿದಿದೆ ಎಂದೆ. ಮೊದಲ ಐದು ನಿಮಿಷ ಸೆಂಟರಿನಲ್ಲೇ ನಿಲ್ಲಿಸಿದರು. ಎಡಕ್ಕೆ ತಿರುಗಲು ಹೋದೆ, ಕಾಲು ಜಾರಿ ಕೂತೆ. ಬಲಕ್ಕೆ ತಿರುಗಲು ಹೋದೆ, ಮುಖ ಅಡಿಯಾಗಿ ಬಿದ್ದೆ. ಫಿನ್ಲೆಂಡಿನ ಹುಡುಗ ನನ್ನ ಸುತ್ತ ಸರಾಗವಾಗಿ ತಿರುಗಿದ. ಡಗ್ ಸೀಟಿ ಊದಿ ನನ್ನನ್ನು ಕರೆದರು.

“ನಿನ್ನಿಂದ ಇವತ್ತು ತಿರುಗಲು ಆಗುವುದಿಲ್ಲ. ಬಲಗಡೆ ಗೋಡೆ ಹಿಡಿದು ನೇರ ಹೋಗು. ಮೂಲೆಗೆ ಬಂದದ್ದನ್ನು ಬಿಡಬೇಡ. ಅಷ್ಟೇ ಕೆಲಸ.”

ಅಷ್ಟೇ ಮಾಡಿದೆ. ತಲೆ ತಗ್ಗಿಸಿ, ಕಾಲು ನೋಡುತ್ತಾ, ಗೋಡೆಯ ಪಕ್ಕ ನೇರ ಹೋಗುವುದು. ನಿಲ್ಲಲು ಬಾರದಿದ್ದರೆ ಗೋಡೆಗೇ ಹೋಗಿ ಬಡಿಯುವುದು. ವಾಪಸು ಬರಬೇಕಾದರೆ ಗೋಡೆಗೆ ಕೈಕೊಟ್ಟು ಮೈಯನ್ನು ಹಿಮ್ಮುಖವಾಗಿಯೇ ದಬ್ಬಿಕೊಳ್ಳುವುದು. ಮೈತುಂಬ ಸಿಟ್ಟು. ಅಮ್ಮನ ಮೇಲೆ, ಪಾಯಸ ಒಟ್ಟು ಮಾಡುತ್ತಿದ್ದ ಅಪ್ಪನ ಬೆರಳಿನ ಮೇಲೆ, ಆ ದಾಸವಾಳದ ಮೇಲೆ. ಮೂಲೆಗೆ ಬಂದ ಬಿಲ್ಲೆಗಾಗಿ ನನಗಿಂತ ಎರಡರಷ್ಟು ದೊಡ್ಡ ಹುಡುಗರ ಮೇಲೆ ಬಿದ್ದೆ. ಒಬ್ಬನ ಬೆನ್ನಿಗೆ ಹೆಗಲಿನಿಂದ ಗುದ್ದಿದೆ, ಇನ್ನೊಬ್ಬನ ಕೋಲನ್ನು ಕಾಲಲ್ಲಿ ಒತ್ತಿ ಹಿಡಿದೆ. ಹೊರಗೆಳೆದ ಬಿಲ್ಲೆಯನ್ನೆಲ್ಲ ಫಿನ್ಲೆಂಡಿನವನಿಗೆ ಕೊಡಬೇಕಾಯಿತು, ಅವನು ಎರಡು ಗೋಲು ಹೊಡೆದ. ಕೊನೆಯಲ್ಲಿ ಡಗ್ ಪಟ್ಟಿ ಓದಿದರು. ಸೆಂಟರ್, ಅವನು. ಬಲ ವಿಂಗ್, ನಾನು. ಮೂಲೆಯಲ್ಲಿ ಇಂಥ ಜಗಳ ಆಡುವವನನ್ನು ನಾನು ಈ ದೇಶದಲ್ಲಿ ನೋಡಿಲ್ಲ ಎಂದು ಬೆನ್ನು ತಟ್ಟಿದರು. ಲಿಲ್ಲಿ ಆಂಟಿ ಚಪ್ಪಾಳೆ ತಟ್ಟಿದರು. ನಾನು ಕಾರಿನಲ್ಲಿ ಅತ್ತೆ.

ಮನೆಗೆ ಬಂದಾಗ ಅಪ್ಪ ಆಗಲೇ ಬಂದು ಟಿವಿಯ ಎದುರು ಕೂತಿದ್ದರು. ನಾನು ದೇವರ ಗೂಡಿನ ಪಕ್ಕದಿಂದ ಹಾದುಹೋಗಿ ಚೀಲವನ್ನು ಮೂಲೆಗೆ ಎಸೆದೆ, ಊಟ ಬೇಡ ಎಂದೆ. ಅಮ್ಮ ಏನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಪೂಜೆ ಮುಗಿಸಿ ಬ್ಲೇಡುಗಳನ್ನು ನನ್ನ ಕೈಗೆ ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು, ಏನನ್ನೋ ಹೇಳುತ್ತೇನೆ ಎಂದು ಕಾಯುವವಳ ಹಾಗೆ. ಒಂದು ಬ್ಲೇಡಿನ ಕುಂಕುಮ ಒರಸಿಹೋಗಿತ್ತು, ಅವಳ ಸೆರಗು ತಾಗಿರಬೇಕು ಅಂದುಕೊಂಡೆ. ನಾನು ಹೇಳಲಿಲ್ಲ. ಹತ್ತು ದಿನ ಅವಳ ಜೊತೆ ಮಾತೇ ಬಿಟ್ಟೆ. ಆಮೇಲೆ ಮಾತು ಬಂತು, ಆ ವಿಷಯ ಮಾತ್ರ ಬರಲಿಲ್ಲ.

ದುಬೈಯಲ್ಲಿ ಆ ಶಾಲೆಯವರು ನನ್ನನ್ನು ನೋಡಿದ್ದು ಬಲ ವಿಂಗರ್ ಆಗಿ. ಒಯ್ದದ್ದು ಬಲ ವಿಂಗರ್ ಎಂದು. ಅಲ್ಲಿಂದ ಮುಂದೆ ಕೆನಡಾದಲ್ಲಿ, ಆಮೇಲೆ ಯುರೋಪಿನ ಹೆಸರಿಲ್ಲದ ಸಣ್ಣ ಊರುಗಳ ತಂಡಗಳಲ್ಲಿ, ನನ್ನ ಹೆಸರಿನ ಮುಂದೆ ಅದೊಂದೇ ಬರೆದಿತ್ತು. ಫಿನ್ಲೆಂಡಿನ ಆ ಹುಡುಗ ದೊಡ್ಡವನಾಗಿ ಹಡಗಿನ ಕಂಪನಿ ಸೇರಿದನಂತೆ, ಹಾಕಿ ಬಿಟ್ಟೇಬಿಟ್ಟ. ಅವನಿಗೆ ಸುಮ್ಮನೆ ಸಿಕ್ಕಿದ್ದು ನನಗೆ ಬೇಡಿದರೂ ಸಿಗಲಿಲ್ಲ. ಮೂಲೆಯ ಜಗಳದಲ್ಲಿ ಭುಜ ಹೋಯಿತು, ಎರಡು ಹಲ್ಲು ಹೋದವು, ಕೊನೆಗೆ ಬಲ ಮೊಣಕಾಲು. ಮೂವತ್ತೈದರೊಳಗೆ ಮುದುಕರಾಗುವ ಉದ್ಯೋಗ ಇದು. ಪ್ರತಿ ಗಾಯಕ್ಕೂ ಅಮ್ಮ ಫೋನಿನಲ್ಲಿ ಅತ್ತು, ದೇವರಿಗೆ ಹೇಳಿಕೊಂಡಿದ್ದೇನೆ ಮಗಾ ಎನ್ನುತ್ತಿದ್ದಳು. ನಿನ್ನ ದೇವರೇ ಅಲ್ಲವೇ ನನ್ನನ್ನು ಮೂಲೆಗೆ ಹಾಕಿದ್ದು ಎಂಬ ಮಾತು ನಾಲಗೆಯ ತುದಿಗೆ ಬರುತ್ತಿತ್ತು. ನುಂಗುತ್ತಿದ್ದೆ.

ಆಟ ಬಿಟ್ಟ ವರ್ಷವೇ ಅಪ್ಪನೂ ಕೆಲಸ ಬಿಟ್ಟರು. ಆಗ ಅವರು ಅಲ್ ಥುಮಾಮಾದ ಎರಡು ಕೋಣೆಯ ಫ್ಲಾಟಿನಲ್ಲಿದ್ದರು. ದೋಹಾ ಖಲಾಸ್, ನನ್ನ ಜೊತೆ ಇರಲು ಹೊರಟಿದ್ದರು. ಸಾಮಾನು ಕಟ್ಟಲು ಹೋದೆ. ಅಪ್ಪ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದರು. ಅಮ್ಮನ ಪೂಜೆಯ ಡಬ್ಬಿ ತೆರೆದಾಗ, ದೀಪ, ಗಂಟೆಗಳ ಕೆಳಗೆ ಆ ಎರಡು ಬ್ಲೇಡುಗಳಿದ್ದವು, ತೆಂಗಿನೆಣ್ಣೆಯಲ್ಲಿ ಮಿರುಗುತ್ತಾ, ಒಂದು ತುಕ್ಕಿನ ಚುಕ್ಕೆಯೂ ಇಲ್ಲದೆ. ಅವುಗಳ ಜೊತೆ ಅರಸಿನ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಇಪ್ಪತ್ತು ವರ್ಷ ನುಂಗಿದ್ದು ಆಗ ಬಾಯಿಗೆ ಬಂತು.

“ಈ ಬ್ಲೇಡು ಆ ದಿನ ಕೊಟ್ಟಿದ್ದರೆ ನಾನು ಸೆಂಟರ್ ಆಗ್ತಿದ್ದೆ ಅಮ್ಮ. ನಿನ್ನ ಪೂಜೆಯಿಂದ ಜೀವಮಾನ ಇಡೀ ಗೋಡೆ ನೆಕ್ಕಿದೆ.”

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಆ ದಿನ ನೀನು ಹೊರಟವನು ವಾಪಸು ಬಂದು ಇದನ್ನು ಕದ್ದುಕೊಂಡು ಹೋಗಿದ್ದಿಯಲ್ಲ? ನಾನು ಸ್ನಾನ ಮಾಡಿ ದೀಪ ಇಡ್ಲಿಕ್ಕೆ ಬಂದಾಗ ಕತ್ತಿ ಉಂಟು, ಇದಿಲ್ಲ. ನೀನು ಬಂದ ಮೇಲೆ ನೋಡಿದ್ರೆ ಇಟ್ಟಲ್ಲೇ ಉಂಟು. ಕುಂಕುಮ ಮಾತ್ರ ಹೋಗಿತ್ತು.”

“ನಾನು ಮುಟ್ಟಲೇ ಇಲ್ಲ! ಬಾಡಿಗೆಯದ್ದು ಹಾಕಿ ಆಡಿದ್ದು ನಾನು. ಮತ್ತೆ ನೀನು ಕೇಳ್ಲಿಲ್ಲ ಯಾಕೆ?”

“ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಒಂದು ತಪ್ಪಿಗೆ ಎರಡು ತಪ್ಪು ಆಗ್ತಿತ್ತು. ಅದಕ್ಕೆ ನಿನ್ನ ಹೆಸರಲ್ಲಿ ತಪ್ಪು ಕಾಣಿಕೆ ಹೇಳಿ ಈ ಗಂಟಿನಲ್ಲಿ ಒಂದು ನಾಣ್ಯ ಕಟ್ಟಿಟ್ಟೆ. ಭುಜಕ್ಕೆ ಪೆಟ್ಟಾದಾಗ ಇನ್ನೊಂದು. ಮೊಣಕಾಲಿಗೆ ಇನ್ನೊಂದು. ದೇವರ ಎದುರಿಂದ ತೆಗೆದದ್ದಕ್ಕೇ ಆಗ್ತಾ ಉಂಟು ಹೇಳಿ ನಾನು ಇಷ್ಟು ವರ್ಷ…”

ಅವಳು ಅರಸಿನ ಬಟ್ಟೆಯ ಗಂಟನ್ನು ಕೈಯಲ್ಲಿ ಹಿಡಿದುಕೊಂಡಳು. ನಾವಿಬ್ಬರೂ ಒಟ್ಟಿಗೇ ಅಪ್ಪನ ಕಡೆ ತಿರುಗಿದೆವು. ಟೇಪು ಸುತ್ತುವ ಸದ್ದು ಆಗಲೇ ನಿಂತಿತ್ತು.

“ನಾನು ತಕೊಂಡು ಹೋದದ್ದು,” ಎಂದರು ಅಪ್ಪ. “ಮುಶೈರಿಬ್‌ನಿಂದ ಸೀದಾ ಮನೆಗೆ ಬಂದೆ. ಇವಳು ಬಾತ್‌ರೂಮಿನಲ್ಲಿ ಇದ್ದಳು. ಬ್ಲೇಡು, ಬೋಲ್ಟು, ನಿನ್ನ ಶೂ, ಎಲ್ಲ ಗಾಡಿಗೆ ಹಾಕಿದೆ. ನಾನು ಮುಟ್ಟುವಾಗ ಆಚೀಚೆ ಕುಂಕುಮ ಹೋಗಿರಬೇಕು. ರಿಂಕಿಗೆ ಬಂದು ಗಾಜಿನ ಹತ್ತಿರ ನಿಂತೆ. ನೀನು ಆಡ್ತಾ ಇದ್ದೆ.”

“ಮತ್ತೆ ಕೊಡ್ಲಿಲ್ಲ ಯಾಕೆ? ಐದು ನಿಮಿಷದ ಕೆಲಸ ಅಲ್ವಾ ಅದು? ಒಂದು ಕೂಗು ಹಾಕ್ಲಿಕ್ಕೆ ಆಗ್ಲಿಲ್ವಾ ಅಪ್ಪಾ ನಿಮಗೆ?”

“ನೀನು ಆಚೆ ಹೋಗ್ತಾ ಇದ್ದೆ ಮಾರಾಯ. ಹೊರಟವನನ್ನು ಹಿಂದಿನಿಂದ ಕರೆಯುವುದಾ? ಅದೂ ಅಂಥ ದಿನ, ದೇವರ ಎದುರಿಂದ ಎತ್ತಿ ತಂದದ್ದನ್ನು ಹಿಡ್ಕೊಂಡು? ಈಚೆ ತಿರುಗಿದ ಕೂಡಲೇ ಕೈ ಮಾಡುವ ಹೇಳಿ ನಿಂತೆ.”

“ಮತ್ತೆ?”

“ನೀನು ತಿರುಗಲೇ ಇಲ್ಲ.”

ನನ್ನ ಕಾಲಿಗೆ ಕಟ್ಟಿದ್ದ ಆ ನೀಲಿ ಪ್ಲಾಸ್ಟಿಕ್ ನೆನಪಾಯಿತು. ತಿರುಗಲು ಬೇಕಾದದ್ದು ಅಪ್ಪನ ಕೈಯಲ್ಲಿತ್ತು, ಅದಕ್ಕೇ ನನಗೆ ತಿರುಗಲು ಆಗುತ್ತಿರಲಿಲ್ಲ, ತಿರುಗದ್ದಕ್ಕೇ ಅವರು ಕೊಡಲಿಲ್ಲ. ಕೂಗಬೇಕು ಎನ್ನಿಸಿತು. ಗೋಡೆಗೆ ಗುದ್ದಬೇಕು ಎನ್ನಿಸಿತು. ಅಪ್ಪ ಸಣ್ಣ ದನಿಯಲ್ಲಿ ಸೇರಿಸಿದರು: ಕೋಚ್ ನಿನ್ನನ್ನು ಹೊಗಳಿದರೆಂದು ರಿಂಕಿನ ಕ್ಯಾಂಟೀನಿನ ಹುಡುಗ ಹೇಳಿದ, ಹೇಗೂ ಪಾಸಾದಿಯಲ್ಲ ಎಂದು ಮನೆಗೆ ಬಂದು ಇಟ್ಟುಬಿಟ್ಟೆ. ಹೇಗೂ ಪಾಸಾದೆನಂತೆ! ಮೂರು ಜನ ಒಂದೇ ಕೋಣೆಯಲ್ಲಿ ಉಂಡು ಮಲಗಿ ಎದ್ದವರು, ಜಿಪ್ಸಂ ಗೋಡೆಯಾಚೆಯ ಲಿಲ್ಲಿ ಆಂಟಿಗೂ ನಮ್ಮ ಮಾತೆಲ್ಲ ಕೇಳಿಸುತ್ತಿತ್ತು, ಮತ್ತು ಈ ಒಂದು ಮಾತನ್ನು ಮೂವರಲ್ಲಿ ಒಬ್ಬರೂ ಆಡಿರಲಿಲ್ಲ. ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಎತ್ತಿಕೊಂಡು, ಯಾರಿಗೂ ಹೇಳದೆ, ಕುಂಟುತ್ತಾ ಲಿಫ್ಟಿನ ಕಡೆ ನಡೆದೆ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಕೆಳಗೆ ಪೆಟ್ಟಿಗೆಗಳನ್ನು ಡಿಕ್ಕಿಗೆ ಹಾಕಿ, ಕಾರಿನೊಳಗೆ ಕೂತು ಕೀ ತಿರುಗಿಸಿದೆ. ತಲೆ ಎತ್ತಿದರೆ ಬಾನೆಟ್ಟಿನ ಎದುರು ಅಪ್ಪ ನಿಂತಿದ್ದರು. ಆಚೆ ಬದಿಯ ಮೆಟ್ಟಿಲಿನಿಂದ ಮೂರು ಮಹಡಿ ಇಳಿದು, ಕಟ್ಟಡಕ್ಕೆ ಸುತ್ತು ಹಾಕಿ ಬಂದಿದ್ದರು. ಅಂಗಿ ಬೆವರಿನಲ್ಲಿ ಒದ್ದೆ, ಉಸಿರು ಮೇಲೆ ಕೆಳಗೆ. ಕೈಯಲ್ಲಿ ಬ್ಲೇಡುಗಳು. ನಾನು ಗಾಜು ಇಳಿಸಿದೆ. ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ.

“ಇಷ್ಟು ಬೇಗ ತಂದಿರಾ ಅಪ್ಪಾ?”

ಅಪ್ಪ ಬ್ಲೇಡುಗಳನ್ನು ಕಿಟಕಿಯೊಳಗೆ ಚಾಚಿ, ಗಂಭೀರವಾಗಿ ಹೇಳಿದರು:

“ರೌಂಡ್‌ಅಬೌಟಿನಲ್ಲಿ ಜಾಮ್ ಇತ್ತು.”